ಕುಡಿದವನ ಕೈ ಯಾರ ಮೇಲೆ ಏಳುತ್ತದೆ?

ಈ ಸಲದ ಸಂಪಾದಕೀಯವನ್ನು ತಪ್ಪೊಪ್ಪಿಗೆಯಿಂದಲೇ ಶುರು ಮಾಡಬೇಕಾಗಿದೆ. ಬೇರೆಯವರ ತಪ್ಪನ್ನು ಎತ್ತಿ ಆಡುವುದರಲ್ಲಿ ನಮ್ಮ ಹಾಳೆ ಯಾವತ್ತೂ ಹಿಂದೆ ಬಿದ್ದಿಲ್ಲ. ಈ ಸಲದ ತಪ್ಪು ನಮ್ಮ ಮನೆಯದು.

ಕಳೆದ ತಿಂಗಳು ನಮ್ಮ ತಾಲ್ಲೂಕಿನ ಒಂದು ಕೇರಿಯಲ್ಲಿ ಸಂಘದ ಹುಡುಗರು ಸೇರಿಕೊಂಡು ಒಬ್ಬರ ಕುಡಿತ ಬಿಡಿಸಲು ಹೊರಟರು. ಊರಿನ ಹೆಸರು ಬೇಡ, ಅವರ ಹೆಸರೂ ಬೇಡ. ನಮಗೆಲ್ಲ ವಯಸ್ಸಿನಲ್ಲಿ ದೊಡ್ಡವರು, ಅಣ್ಣ ಅಂತಲೇ ಕರೆಯೋದು. ಅವರು ತಮಟೆ ಹಿಡಿದು ನಿಂತರೆ ಕಾಲು ಸುಮ್ಮನಿರುವುದಿಲ್ಲ, ಅಂಥ ಕೈ. ಆ ಶನಿವಾರ ಬಟವಾಡೆ ದುಡ್ಡು ಅಷ್ಟನ್ನೂ ಕುಡಿದು ಬಂದು ಅದೇ ಕೈಯಿಂದ ಹೆಂಡತಿಯ ಹಣೆ ಒಡೆದಿದ್ದರು. ಹುಡುಗರಿಗೆ ಸಿಟ್ಟು ಬಂತು. ಬರಬೇಕಾದ್ದೇ. ಎಳೆದುಕೊಂಡು ಹೋಗಿ ಸಮುದಾಯ ಭವನದೊಳಕ್ಕೆ ದಬ್ಬಿ, ಒಂದು ಕೊಡ ನೀರಿಟ್ಟು ಬೀಗ ಹಾಕಿದರು. 'ಎರಡು ದಿನ ಬಿದ್ದಿರಲಿ, ಚಟ ತಾನಾಗೇ ಬಿಡ್ತದೆ' ಅಂದರು.

ಭಾನುವಾರ ಅಣ್ಣನ ಕೈ ನಡುಗೋಕೆ ಶುರುವಾಯಿತು. ಮೈಯೆಲ್ಲ ಬೆವರು. ಕಿಟಕಿಯಲ್ಲಿ ನೋಡಿದವರು 'ನಾಟಕ ಆಡ್ತಾವ್ನೆ ಕಣ್ರೋ' ಅಂತ ನಕ್ಕರು. ಸೋಮವಾರ ಬೆಳಗಾಗೋ ಹೊತ್ತಿಗೆ ಫಿಟ್ಸ್ ಬಂದು ಬಾಯಲ್ಲಿ ನೊರೆ ಬಂತು. ಬೀಗ ಒಡೆಸಿ ಆಟೋ ತಂದವರು ಯಾರು ಗೊತ್ತೇ? ಹಣೆಗೆ ಬಟ್ಟೆ ಕಟ್ಟಿಕೊಂಡಿದ್ದ ಅದೇ ಅಕ್ಕ. ತಾಲ್ಲೂಕು ಆಸ್ಪತ್ರೆ ಮುಟ್ಟಿಸಿ, ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ ಸಾಗಿಸಿ ಜೀವ ಉಳಿಯಿತು. 'ಯಾರ್ರೀ ಇವರನ್ನ ಕೂಡಿ ಹಾಕಿದ್ದು?' ಅಂತ ಡಾಕ್ಟರು ಕೇಳಿದಾಗ ನಮ್ಮಲ್ಲಿ ಒಬ್ಬರೂ ತಲೆ ಎತ್ತಲಿಲ್ಲ.

ಡಾಕ್ಟರು ಹೇಳಿದ್ದನ್ನು ಎಲ್ಲರೂ ತಿಳಿಯಲಿ ಅಂತ ಇಲ್ಲಿ ಬರೆಯುತ್ತಿದ್ದೇವೆ. ವರ್ಷಗಟ್ಟಲೆ ದಿನಾ ಕುಡಿದವರ ಮೆದುಳು, ನರ ಎಲ್ಲ ಆ ಎಣ್ಣೆಗೆ ಒಗ್ಗಿಕೊಂಡು ನಡೆಯುತ್ತಿರುತ್ತವೆ. ಒಂದೇ ಏಟಿಗೆ ನಿಲ್ಲಿಸಿದರೆ ಮೊದಲು ನಡುಕ, ಬೆವರು, ನಿದ್ದೆಗೇಡು ಬರುತ್ತದೆ. ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಇಲ್ಲದ ದನಿ ಕೇಳುತ್ತದೆ, ತಾನು ಎಲ್ಲಿದ್ದೇನೆ ಅನ್ನೋದೇ ತಪ್ಪಿಹೋಗುತ್ತದೆ. ನಮ್ಮ ಕೇರಿಗಳಲ್ಲಿ ಇದನ್ನೇ 'ದೆವ್ವ ಹಿಡಿದಿದೆ' ಅಂತ ಬೇವಿನ ಸೊಪ್ಪಲ್ಲಿ ಹೊಡೆದಿದ್ದೇವೆ. ಈ ಹೊತ್ತಿನಲ್ಲಿ ಔಷಧಿ ಇಲ್ಲದಿದ್ದರೆ ಪ್ರಾಣವೇ ಹೋಗಬಹುದು. ಅಂದರೆ ಬೀಗ ಹಾಕಿದ ನಮ್ಮ ಹುಡುಗರು ಇನ್ನೊಂದು ದಿನ ಸುಮ್ಮನಿದ್ದಿದ್ದರೆ ಕೊಲೆಗಾರರಾಗಿಬಿಡುತ್ತಿದ್ದರು.

ಮೈಯ ಕಾಯಿಲೆಯ ಮಾತು ಇಷ್ಟು. ಆದರೆ ಅಂದಿನಿಂದ ಇನ್ನೊಂದು ಪ್ರಶ್ನೆ ನಮ್ಮನ್ನು ಮಲಗಲು ಬಿಟ್ಟಿಲ್ಲ. ಅದಕ್ಕೇ ಈ ಬರಹ.

ಅಣ್ಣ ಆ ಶನಿವಾರ ಕುಡಿದು ಬಂದ ದಾರಿಯನ್ನು ಒಂದು ಸಲ ನೀವೂ ನಡೆದು ನೋಡಿ. ಟೌನಿನ ವೈನ್ ಸ್ಟೋರ್ ಮುಂದೆ ಪೊಲೀಸ್ ಪೇದೆ ನಿಂತಿದ್ದ. ಅಣ್ಣ ಪಕ್ಕಕ್ಕೆ ಸರಿದು ನಡೆದರು. ಊರೊಳಗೆ ಗೌಡರ ಜಗಲಿ. ಅಲ್ಲಿ ಹೆಗಲ ಮೇಲಿನ ಟವೆಲ್ಲು ಕಂಕುಳಿಗೆ ಬಂತು, ದನಿ ತಗ್ಗಿತು. ತೂರಾಡುತ್ತಿದ್ದ ಕಾಲು ಅಷ್ಟು ದೂರ ನೆಟ್ಟಗೆ ನಡೆಯಿತು. ಕೂಲಿಯಲ್ಲಿ ಹಿಡಿದುಕೊಂಡು ಕೊಟ್ಟ ಕಂಟ್ರಾಕ್ಟರು ಬೈಕಿನಲ್ಲಿ ಎದುರಾದ. ಅವನಿಗೊಂದು ನಮಸ್ಕಾರ. ಮುಂದೆ ದೇವಸ್ಥಾನ. ಅಲ್ಲಿ ದೂರದಿಂದಲೇ ಕೈ ಮುಗಿದು, ಮೆಟ್ಟಿಲು ತುಳಿಯದೆ ಸುತ್ತು ಹಾಕಿಕೊಂಡು ಬಂದರು. ಕೇರಿಯ ಬಾಯಿಗೆ ಬಂದ ಕೂಡಲೇ ಕಾಲು ತೂರಾಡೋಕೆ ಶುರುವಾಯಿತು, ದನಿ ಏರಿತು, ಬಾಯಲ್ಲಿ ಬೈಗುಳ ಬಂತು. ಮನೆ ಬಾಗಿಲಲ್ಲಿ ಕೈ ಎದ್ದಿತು.

ಕುಡಿದವನಿಗೆ ಮೈಮೇಲೆ ಪ್ರಜ್ಞೆ ಇರಲ್ಲ ಅಂತೀವಲ್ಲ, ಇದ್ಯಾವ ಪ್ರಜ್ಞೆ ಬಂಧುಗಳೇ? ಹೊಟ್ಟೆ ತುಂಬ ಎಣ್ಣೆ ಇದ್ದರೂ ಗೌಡ ಯಾರು, ಪೊಲೀಸ್ ಯಾರು, ಕಂಟ್ರಾಕ್ಟರ್ ಯಾರು ಅನ್ನೋದು ಆ ತಲೆಗೆ ಗೊತ್ತಿತ್ತು. ಯಾರನ್ನು ಹೊಡೆದರೆ ತಿರುಗಿ ಕೇಳೋರಿಲ್ಲ ಅನ್ನೋದೂ ಗೊತ್ತಿತ್ತು. ಎಣ್ಣೆ ಲೆಕ್ಕ ಮರೆಸಿತು, ಮಕ್ಕಳ ಹಸಿವು ಮರೆಸಿತು. ಜಾತಿಯನ್ನು ಮಾತ್ರ ಮರೆಸಲಿಲ್ಲ. ಹೆಂಡತಿ ಅಂದರೆ ತನಗಿಂತ ಕೆಳಗಿನವಳು ಅನ್ನೋದನ್ನೂ ಮರೆಸಲಿಲ್ಲ. ನಾಲಗೆ ತೊದಲಿದರೂ ಮೇಲು ಕೀಳಿನ ಏಣಿಯ ಒಂದು ಮೆಟ್ಟಿಲೂ ತಪ್ಪಲಿಲ್ಲ.

ಇದು ನಮ್ಮ ಕವಿ ಹುಚ್ಚಿನ ಮಾತು ಅಂತ ಯಾರೂ ತಳ್ಳಿಹಾಕಬಾರದು. ಓದಿದವರೂ ಇದನ್ನು ಹುಡುಕಿದ್ದಾರೆ. 1969ರಲ್ಲಿ ಅಮೆರಿಕದ ಕ್ರೇಗ್ ಮ್ಯಾಕ್‌ಆಂಡ್ರ್ಯೂ, ರಾಬರ್ಟ್ ಎಡ್ಗರ್ಟನ್ ಅನ್ನೋ ಇಬ್ಬರು ವಿದ್ವಾಂಸರು ಕುಡಿದವರ ನಡವಳಿಕೆ ಬಗ್ಗೆ ಒಂದು ಪುಸ್ತಕ ಬರೆದರು. ಬೇರೆ ಬೇರೆ ಸಮಾಜಗಳ ಜನ ಕುಡಿದಾಗ ಹೇಗೆ ನಡೆದುಕೊಳ್ಳುತ್ತಾರೆ ಅನ್ನೋ ವಿವರಗಳನ್ನು ಒಟ್ಟುಮಾಡಿ ನೋಡಿದರು. ಕೆಲವು ಕಡೆ ಜನ ಕುಡಿದು ಸುಮ್ಮನೆ ಮಾತಾಡಿಕೊಂಡು ಮಲಗುತ್ತಾರೆ, ಕೆಲವು ಕಡೆ ಹೊಡೆದಾಡುತ್ತಾರೆ. ಒಂದೇ ಜನ ಒಂದು ಸಂದರ್ಭದಲ್ಲಿ ಸಾಧುವಾಗಿದ್ದು ಇನ್ನೊಂದು ಸಂದರ್ಭದಲ್ಲಿ ರಂಪ ಮಾಡುತ್ತಾರೆ. ಎಲ್ಲರ ಹೊಟ್ಟೆಗೂ ಹೋದ ಮದ್ಯ ಒಂದೇ ಜಾತಿಯದು, ಹೊರಗೆ ಬಂದ ನಡತೆ ಬೇರೆ ಬೇರೆ. ಅವರು ಹೇಳಿದ್ದಿಷ್ಟು: ಕುಡಿದಾಗ ಕಾಲು ಕೈ ತೊಡರೋದು ಮದ್ಯದ ಕೆಲಸ. ಆದರೆ ಯಾರ ಜೊತೆ ಹೇಗೆ ನಡೆದುಕೊಳ್ಳೋದು ಅನ್ನೋದನ್ನು ಮನುಷ್ಯ ತನ್ನ ಸಮಾಜದಿಂದ ಕಲಿಯುತ್ತಾನೆ. 'ಕುಡಿದಿದ್ದ, ಬಿಟ್ಟುಬಿಡಿ' ಅಂತ ಸಮಾಜ ಎಲ್ಲಿ ಬಿಟ್ಟುಕೊಡುತ್ತದೋ ಅಲ್ಲಿ ಕುಡುಕನ ಕೈ ಏಳುತ್ತದೆ.

1973ರಲ್ಲಿ ಅಮೆರಿಕದಲ್ಲೇ ಅಲನ್ ಮಾರ್ಲಟ್ ಅನ್ನೋ ಮನಶ್ಶಾಸ್ತ್ರಜ್ಞ ತನ್ನ ಸಂಗಡಿಗರ ಜೊತೆ ಒಂದು ಪರೀಕ್ಷೆ ಮಾಡಿದ. ಕುಡಿತಕ್ಕೆ ಬಿದ್ದವರನ್ನು ಕೂರಿಸಿ, ಪಾನೀಯಗಳ ರುಚಿ ನೋಡಿ ಹೇಳಿ ಅಂತ ಲೋಟ ಇಟ್ಟ. ಕೆಲವರಿಗೆ 'ಇದರಲ್ಲಿ ವೋಡ್ಕಾ ಇದೆ' ಅಂದ, ಕೆಲವರಿಗೆ 'ಇಲ್ಲ, ಬರೀ ಟಾನಿಕ್ ನೀರು' ಅಂದ. ಹೇಳಿದ್ದೆಲ್ಲ ನಿಜ ಅಲ್ಲ. ವೋಡ್ಕಾ ಇದೆ ಅಂದ ಕೆಲವರ ಲೋಟದಲ್ಲಿ ಬರೀ ನೀರು, ಇಲ್ಲ ಅಂದ ಕೆಲವರ ಲೋಟದಲ್ಲಿ ವೋಡ್ಕಾ. ಯಾರು ಜಾಸ್ತಿ ಕುಡಿದರು? ವೋಡ್ಕಾ ಇದೆ ಅಂತ ನಂಬಿದವರು. ಲೋಟದಲ್ಲಿ ನಿಜವಾಗಿ ಏನಿತ್ತು ಅನ್ನೋದು ಲೆಕ್ಕಕ್ಕೆ ಬರಲಿಲ್ಲ. ಒಂದು ಗುಟುಕು ಒಳಗೆ ಹೋದರೆ ನಿಲ್ಲಿಸೋಕೆ ಆಗಲ್ಲ ಅಂತ ಮನುಷ್ಯ ನಂಬಿದ್ದರೆ, ಆ ನಂಬಿಕೆಯೇ ಮುಂದಿನ ಗುಟುಕು ಕುಡಿಸುತ್ತದೆ. ಕುಡಿತಕ್ಕೆ ಬಿದ್ದವರ ವಿಷಯದಲ್ಲೂ ಹೀಗಿರುವಾಗ, ಹೊಲಗೇರಿ ಮಾದಿಗೇರಿಯಲ್ಲಿ ಹುಟ್ಟಿದ ಕೂಸಿಗೆ 'ನೀವೆಲ್ಲ ಹುಟ್ಟು ಕುಡುಕರು' ಅಂತ ಊರೆಲ್ಲ ಬೆಳಗ್ಗೆ ಸಂಜೆ ಹೇಳಿದರೆ ಆ ಕೂಸು ಏನನ್ನು ನಂಬಿ ಬೆಳೆಯಬೇಕು?

ಹುಟ್ಟು ಕುಡುಕರಂತೆ! ನಮಗೆ ಕುಡಿಯೋಕೆ ಕಲಿಸಿದವರು ಯಾರು ಅಂತ ಒಂದು ಸಲ ಕೇಳೋಣ.

ಊರಿನ ದೊಡ್ಡ ಮನೆಯಲ್ಲಿ ಹೆಣ ಬಿತ್ತು. ತಮಟೆ ಬಡಿಯೋಕೆ ನಮ್ಮವರಿಗೆ ಹೇಳಿಕಳಿಸುತ್ತಾರೆ. ರಾತ್ರಿಯೆಲ್ಲ ಬಡಿದು, ಮಾರನೇ ದಿನ ಸ್ಮಶಾನದವರೆಗೂ ಬಡಿದರೆ ಕೈಗೆ ಕೂಲಿ ಕೊಡುವುದಿಲ್ಲ, ಎಣ್ಣೆ ಕೊಡುತ್ತಾರೆ. ಜಾತ್ರೆಗೆ ಬಡಿದರೂ ಎಣ್ಣೆ. ಹದಿನಾಲ್ಕು ವರ್ಷದ ಹುಡುಗ ಮೊದಲ ಸಲ ಅಪ್ಪನ ಜೊತೆ ತಮಟೆ ಹಿಡಿದು ಹೋದಾಗ ಅವನ ಮೊದಲ ಸಂಬಳ ಏನು? ಒಂದು ಲೋಟ. ಜೀತವನ್ನು 1976ರ ಕಾನೂನು ನಿಷೇಧಿಸಿತು. ಅದಕ್ಕೆ ಮುಂಚೆ ಜೀತದಾಳಿಗೆ ಸಂಜೆ ಹೊತ್ತು ಹೆಂಡದ ಕಾಸು ಕೊಡೋ ಧಣಿ ಅದನ್ನು ದಯೆ ಅಂದುಕೊಂಡಿರಲಿಲ್ಲ. ನಾಳೆ ಬೆಳಗ್ಗೆ ಆಳು ತಪ್ಪಿಸಿಕೊಳ್ಳದಿರಲಿ ಅನ್ನೋ ಲೆಕ್ಕ ಅದು. ಸಾಲದ ಪುಸ್ತಕದಲ್ಲಿ ಆ ಕಾಸೂ ಏರುತ್ತಿತ್ತು.

ಮಲದ ಗುಂಡಿಗೆ ಮನುಷ್ಯನನ್ನು ಇಳಿಸುವ ಕೆಲಸ ನೋಡಿ. ಮಲ ಹೊರಿಸುವುದು 1993ರ ಕಾನೂನಿನಲ್ಲಿ ಅಪರಾಧ. ರಕ್ಷಣೆಯ ಸಲಕರಣೆ ಇಲ್ಲದೆ ಗುಂಡಿಗೆ, ಚರಂಡಿಗೆ ಇಳಿಸುವುದು 2013ರ ಕಾನೂನಿನಲ್ಲಿ ಅಪರಾಧ. ಆದರೂ ಇಳಿಸುತ್ತಾರೆ, ಇಳಿದವರು ಉಸಿರುಗಟ್ಟಿ ಸಾಯುತ್ತಾರೆ. ಆ ನಾತದೊಳಕ್ಕೆ ಮೈ ಇಳಿಸಬೇಕಾದರೆ ಮೂಗು ಸಾಯಬೇಕು, ಮಾನ ಸಾಯಬೇಕು. ಅದಕ್ಕೇ ಇಳಿಯೋ ಮುಂಚೆ ಕುಡಿಯುತ್ತಾರೆ. ಎಷ್ಟೋ ಸಲ ಕಂಟ್ರಾಕ್ಟರೇ ಕುಡಿಸಿ ಇಳಿಸುತ್ತಾನೆ. ಮಾಸ್ಕು, ಆಮ್ಲಜನಕ, ಯಂತ್ರ ಕೊಡಬೇಕಾದ ಜಾಗದಲ್ಲಿ ಒಂದು ಕ್ವಾರ್ಟರ್ ಕೊಟ್ಟರೆ ಸಾಕು, ಅಗ್ಗ. ಸಂಜೆ ಅದೇ ಮನುಷ್ಯ ತೂರಾಡುತ್ತ ಹೋದರೆ ಮಹಡಿ ಮೇಲಿಂದ ನೋಡುವವರು 'ಥೂ, ಈ ಜನಾನೇ ಹೀಗೆ' ಅಂತಾರೆ. ಅವರ ಮನೆಯ ಗುಂಡಿಯೇ ಬೆಳಗ್ಗೆ ಖಾಲಿಯಾಗಿರೋದು.

ಚುನಾವಣೆ ಬಂತು ಅಂದರೆ ಹಿಂದಿನ ರಾತ್ರಿ ಕೇರಿಗೆ ಬರೋದು ಪುಸ್ತಕದ ಮೂಟೆಯಲ್ಲ. ಐದು ವರ್ಷ ಕೇರಿಯ ನೀರಿನ ಟ್ಯಾಂಕಿಗೆ ನಲ್ಲಿ ಹಾಕಿಸದವನು ಒಂದೇ ರಾತ್ರಿಯಲ್ಲಿ ಮನೆಮನೆಗೂ ಎಣ್ಣೆ ಮುಟ್ಟಿಸುತ್ತಾನೆ.

ಇನ್ನು ಕುಡಿಯೋರು ನಾವೊಬ್ಬರೇನಾ? ಕೇಂದ್ರದ ಸಾಮಾಜಿಕ ನ್ಯಾಯ ಇಲಾಖೆ 2019ರಲ್ಲಿ ಹೊರತಂದ ಸಮೀಕ್ಷೆ ಪ್ರಕಾರ, ದೇಶದಲ್ಲಿ ಹತ್ತರಿಂದ ಎಪ್ಪತ್ತೈದು ವಯಸ್ಸಿನವರಲ್ಲಿ ನೂರಕ್ಕೆ 14.6 ಮಂದಿ ಕುಡಿಯುತ್ತಾರೆ. ಸುಮಾರು 16 ಕೋಟಿ ಜನ. ಇವರಲ್ಲಿ ಎಲ್ಲ ಜಾತಿಯವರೂ ಇದ್ದಾರೆ, ಕ್ಲಬ್ಬಿನವರೂ ಇದ್ದಾರೆ, ಗುಡಿಸಲಿನವರೂ ಇದ್ದಾರೆ. ಕ್ಲಬ್ಬಿನಲ್ಲಿ ಕುಡಿದರೆ ಅದಕ್ಕೆ ಪಾರ್ಟಿ ಅಂತ ಹೆಸರು. ಬಿದ್ದರೆ ಡ್ರೈವರ್ ಎತ್ತಿಕೊಂಡು ಹೋಗಿ ಹಾಸಿಗೆ ಮೇಲೆ ಮಲಗಿಸುತ್ತಾನೆ, ಬಾಗಿಲು ಮುಚ್ಚಿಕೊಳ್ಳುತ್ತದೆ. ಆ ಬಾಗಿಲ ಹಿಂದೆಯೂ ಹೆಂಡತಿಗೆ ಏಟು ಬೀಳುತ್ತದೆ, ಸದ್ದು ಬೀದಿಗೆ ಬರುವುದಿಲ್ಲ ಅಷ್ಟೆ. ನಮ್ಮವನು ಬಿದ್ದರೆ ಚರಂಡಿ ಪಕ್ಕದಲ್ಲಿ ಬೀಳುತ್ತಾನೆ, ಇಡೀ ಊರು ನೋಡುತ್ತದೆ. ಒಬ್ಬ ಬಿದ್ದರೆ ಇಡೀ ಜಾತಿ ಬಿತ್ತು ಅಂತಾರೆ.

ಇಷ್ಟು ಬರೆದಾಗ ನಮಗೇ ಒಂದು ಸಮಾಧಾನ ಬಂದಿತ್ತು. ಸರಿ, ಎಲ್ಲ ತಪ್ಪೂ ವ್ಯವಸ್ಥೆಯದು, ನಮ್ಮ ಅಣ್ಣನದು ಏನೂ ಇಲ್ಲ ಅಂತ ಬರೆದು ಮುಗಿಸಿಬಿಡೋಣ ಅಂತ. ಈ ಬರಹದ ಮೊದಲ ಪ್ರತಿಯನ್ನು ಆ ಅಕ್ಕನಿಗೆ ಓದಿ ಹೇಳಿದೆವು. ಬೀಡಿ ಎಲೆ ಕತ್ತರಿಸುತ್ತ ಪೂರ್ತಿ ಕೇಳಿದರು. ಆಮೇಲೆ ಅಂದರು:

'ಎಲ್ಲ ಚೆಂದ ಬರ್ದಿದ್ದೀರ ಕಣ್ರಪ್ಪ. ನನ್ ಜಾತಿ ಯಾವ್ದು? ಅವ್ರದೇ ತಾನೆ? ಗೌಡ್ರ ಮನೆ ಸಗಣಿ ನಾನೂ ಬಾಚಿದ್ದೀನಿ. ನಂಗೆ ಅವ್ರಿಗಿಂತ ಕೂಲೀನೂ ಕಮ್ಮಿ. ಮೇಲೆ ಒದೆ ಬೇರೆ. ನಂಗೂ ದುಃಖ ಅದೆ. ನಾನ್ಯಾಕೆ ಕುಡೀಲಿಲ್ಲ?'

ನಮ್ಮ ಬಿ.ಎ. ಡಿಗ್ರಿಯಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಬರೆದಿದ್ದನ್ನು ಹರಿದು ಮತ್ತೆ ಬರೆದೆವು.

ಅಕ್ಕನ ಪ್ರಶ್ನೆಯಲ್ಲಿ ನಮಗೆ ಕಂಡದ್ದು ಇದು. ದುಃಖ ಇದ್ದ ಮಾತ್ರಕ್ಕೆ ಯಾರೂ ಕುಡುಕರಾಗುವುದಿಲ್ಲ. ದುಃಖದ ಜೊತೆಗೆ ಅಪ್ಪಣೆಯೂ ಬೇಕು. ಕುಡಿಯೋಕೆ ಗಂಡಸಿಗೆ ಸಮಾಜ ಅಪ್ಪಣೆ ಕೊಟ್ಟಿದೆ, ಹೆಂಗಸಿಗೆ ಕೊಟ್ಟಿಲ್ಲ. ಕುಡಿದ ಮೇಲೆ ಹೊಡೆಯೋಕೂ ಅಪ್ಪಣೆ ಕೊಟ್ಟಿದೆ. ಮಾರನೇ ದಿನ 'ಎಣ್ಣೆ ಏಟಲ್ಲಿ ಗೊತ್ತಾಗ್ಲಿಲ್ಲ' ಅಂದರೆ ಕೇರಿಯ ಯಜಮಾನರು ತಲೆದೂಗುತ್ತಾರೆ. ಅದೇ ಮನುಷ್ಯ ಎಣ್ಣೆ ಏಟಲ್ಲಿ ಗೌಡರಿಗೆ ಒಂದು ಏಟು ಹಾಕಿದ್ದರೆ ಈ ಮಾತು ನಡೆಯುತ್ತಿತ್ತೇ? ಕೇರಿಗೇ ಬೆಂಕಿ ಬೀಳುತ್ತಿತ್ತು. ಅದು ಅವರಿಗೆ ಗೊತ್ತು, ಅದಕ್ಕೇ ಆ ಏಟು ಬೀಳಲಿಲ್ಲ. ಮೇಲಿನವನು ನಮಗೆ ಮಾಡಿದ ಅವಮಾನವನ್ನು ನಾವು ನಮ್ಮ ಮನೆಯೊಳಗೆ ನಮಗಿಂತ ಕೆಳಗಿನವರಿಗೆ ದಾಟಿಸುತ್ತಿದ್ದೇವೆ. ಗೌಡನ ಜಗಲಿಯಲ್ಲಿ ತಗ್ಗಿದ ದನಿಯೇ ಹೆಂಡತಿಯ ಮುಂದೆ ಏರುತ್ತದೆ. ಬಾಬಾಸಾಹೇಬರು ಜಾತಿಯನ್ನು ಮೆಟ್ಟಿಲು ಮೆಟ್ಟಿಲಾದ ಅಸಮಾನತೆ ಅಂದರು. ಕಟ್ಟಕಡೆಯ ಮೆಟ್ಟಿಲು ಕೇರಿ ಅಂತ ನಾವು ತಿಳಿದಿದ್ದೆವು. ಅದರ ಕೆಳಗೂ ಒಂದು ಮೆಟ್ಟಿಲು ಇದೆ, ಅದು ನಮ್ಮ ಅಡುಗೆಮನೆಯಲ್ಲಿದೆ.

ಬಾಬಾಸಾಹೇಬರಿಗೆ ಇದು ಗೊತ್ತಿತ್ತು. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಹೆಂಗಸರನ್ನು ಕೂರಿಸಿಕೊಂಡು ಮಾತಾಡಿದಾಗ, ಕುಡುಕ ಗಂಡನಿಗೆ, ಕುಡುಕ ಮಗನಿಗೆ ಅನ್ನ ಹಾಕಬೇಡಿ, ಮಕ್ಕಳನ್ನು ಸ್ಕೂಲಿಗೆ ಕಳಿಸಿ ಅನ್ನೋ ಅರ್ಥದಲ್ಲಿ ಹೇಳಿದ್ದರು. ಅವರು ಆ ಅಧಿಕಾರ ಕೊಟ್ಟದ್ದು ಹೆಂಗಸರ ಕೈಗೆ ಅನ್ನೋದನ್ನು ಗಮನಿಸಿ. ಇದೇ ಬಾಬಾಸಾಹೇಬರ ಶೆಡ್ಯೂಲ್ಡ್ ಕಾಸ್ಟ್ಸ್ ಫೆಡರೇಷನ್ನು 1951ರ ಚುನಾವಣಾ ಪ್ರಣಾಳಿಕೆಯಲ್ಲಿ ಪಾನನಿಷೇಧವನ್ನು ವಿರೋಧಿಸಿತು. ಸರ್ಕಾರದ ಬೊಕ್ಕಸಕ್ಕೆ ಬರೋ ವರಮಾನವನ್ನು ಕೈಯಾರೆ ಕಳೆದುಕೊಳ್ಳಬಾರದು ಅನ್ನೋದು ಅದರ ಒಂದು ಕಾರಣ. ಎರಡೂ ಮಾತು ಒಂದಕ್ಕೊಂದು ಹೊಂದೋದಿಲ್ಲ ಅಂತ ಕಾಣಬಹುದು. ನಮಗೆ ಹೊಂದುತ್ತದೆ ಅನ್ನಿಸುತ್ತದೆ. ಕುಡಿಯಬೇಡ ಅನ್ನೋದು ಮನೆಯ, ಕೇರಿಯ ಕೆಲಸ. ಸರ್ಕಾರದ ಕೆಲಸ ಭೂಮಿ ಕೊಡೋದು, ಸ್ಕೂಲು ಕಟ್ಟೋದು, ಆಸ್ಪತ್ರೆ ನಡೆಸೋದು. ಅದು ಬಿಟ್ಟು ಒಂದು ಕಾಗದದ ಮೇಲೆ ನಿಷೇಧ ಅಂತ ಬರೆದು ಕೈ ತೊಳೆದುಕೊಂಡರೆ ಏನಾಗುತ್ತದೆ ಅಂತ ನಾವು ನಮ್ಮ ಕಣ್ಣಲ್ಲೇ ಕಂಡಿದ್ದೇವೆ.

ನಮ್ಮ ರಾಜ್ಯದಲ್ಲಿ ಪಾನನಿಷೇಧ ಸಡಿಲವಾದದ್ದು 1967ರಲ್ಲಿ. ಆಮೇಲೆ ಸಾರಾಯಿ ಕಂಟ್ರಾಕ್ಟರುಗಳು ಬೆಳೆದರು. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಳ್ಳಬಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧ ಆಯಿತು. ವರ್ಷ ತುಂಬೋದರೊಳಗೆ, 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರದ ಕಡೆ, ಪಕ್ಕದ ತಮಿಳುನಾಡಿನ ಕೃಷ್ಣಗಿರಿ ಕಡೆ ವಿಷದ ಕಳ್ಳಬಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಸತ್ತವರು ಕೂಲಿಕಾರರು. ಅಗ್ಗದ್ದು ನಿಂತಿತು, ಹಂಬಲ ನಿಲ್ಲಲಿಲ್ಲ. ಔಷಧಿಯ ವ್ಯವಸ್ಥೆ ಇಲ್ಲದೆ ಬಾಗಿಲು ಮುಚ್ಚಿದರೆ, ನಮ್ಮ ಹುಡುಗರು ಸಮುದಾಯ ಭವನಕ್ಕೆ ಬೀಗ ಹಾಕಿದ ಹಾಗೇ ಆಗುತ್ತದೆ.

ಸಾರಾಯಿ ಹೋದ ಜಾಗಕ್ಕೆ ಸರ್ಕಾರದ ಸೀಲು ಬಿದ್ದ ಟೆಟ್ರಾ ಪಾಕೀಟು ಬಂತು. 2025-26ರ ಬಜೆಟ್ಟಿನಲ್ಲಿ ರಾಜ್ಯ ಅಬಕಾರಿಯಿಂದ 40,000 ಕೋಟಿ ರೂಪಾಯಿ ಗುರಿ ಇಟ್ಟುಕೊಂಡಿತು. ಗುರಿ ಅನ್ನೋ ಮಾತನ್ನು ಗಮನಿಸಿ. ಇಷ್ಟು ಕುಡಿಸಲೇಬೇಕು ಅಂತ ಅರ್ಥ. ಸಂವಿಧಾನದ 47ನೇ ವಿಧಿ ಮದ್ಯ ನಿಷೇಧದ ಕಡೆ ಸರ್ಕಾರ ಹೆಜ್ಜೆ ಇಡಬೇಕು ಅನ್ನುತ್ತದೆ. ಅದೇ ವಿಧಿ ಜನರ ಪೌಷ್ಟಿಕತೆ, ಜೀವನಮಟ್ಟ, ಆರೋಗ್ಯ ಹೆಚ್ಚಿಸೋದು ಸರ್ಕಾರದ ಮೊದಲ ಕರ್ತವ್ಯ ಅಂತಲೂ ಅನ್ನುತ್ತದೆ. ಹಣ ಬರುತ್ತದೆ ಅಂದರೆ ಆ ಹಣದ ಪಾಲು ಕುಡಿತದಿಂದ ಹಾಳಾದವರ ಔಷಧಿಗೆ ಬರಬೇಕಲ್ಲ? ಮೇಲೆ ಹೇಳಿದ 2019ರ ಸಮೀಕ್ಷೆಯೇ ಹೇಳೋ ಪ್ರಕಾರ, ಕುಡಿತಕ್ಕೆ ಪೂರ್ತಿ ಅಂಟಿಕೊಂಡವರಲ್ಲಿ 38 ಮಂದಿಗೆ ಒಬ್ಬರಿಗೆ ಮಾತ್ರ ಯಾವುದಾದರೂ ಒಂದು ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಗೆ ಸೇರಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು. ಕುಡಿಸೋಕೆ ಹೋಬಳಿಗೊಂದು ಅಂಗಡಿ, ಬಿಡಿಸೋಕೆ ಜಿಲ್ಲೆಗೆ ಒಂದಿಷ್ಟು ಹಾಸಿಗೆ. ಎಂಬತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಹಿರಿಯರು ನಮಗೆ ಹೆಂಡ ಬೇಡ, ವಸತಿ ಶಾಲೆ ಬೇಕು ಅಂತ ಕೂಗಿದ್ದು ಸುಮ್ಮನೆ ಅಲ್ಲ. ಒಂದನ್ನು ಕಿತ್ತರೆ ಆ ಜಾಗದಲ್ಲಿ ಇನ್ನೊಂದನ್ನು ನೆಡಬೇಕು ಅನ್ನೋದು ಅವರಿಗೆ ತಿಳಿದಿತ್ತು.

ಹೆಂಗಸರಿಗಂತೂ ಇದು ಮುಂಚೆಯೇ ಗೊತ್ತು. ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಅಕ್ಷರ ಕಲಿಯಲು ಕೂಡಿದ ಹೆಂಗಸರು ಸಾರಾಯಿ ಅಂಗಡಿಗೆ ತಿರುಗಿಬಿದ್ದರು. 1992ರಲ್ಲಿ ಅದು ರಾಜ್ಯಕ್ಕೆಲ್ಲ ಹಬ್ಬಿ, 1993ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಬೇಕಾಯಿತು. ನಮ್ಮಲ್ಲಿ 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡೇ ಬಂದರು. ಆ ಕಾಲುಗಳಿಗೆ ನಮ್ಮ ಶರಣು. ಕಾನೂನಿನ ಬಗ್ಗೆ ನಮ್ಮಲ್ಲಿ ಎರಡು ಮಾತಿರಬಹುದು. ಅವರ ಬೆನ್ನ ಮೇಲಿನ ಬಾಸುಂಡೆ ಬಗ್ಗೆ ಎರಡು ಮಾತಿಲ್ಲ.

ಮತ್ತೆ ನಮ್ಮ ಅಣ್ಣನ ವಿಷಯಕ್ಕೆ ಬರೋಣ. ಹದಿನೈದು ದಿನ ಆಸ್ಪತ್ರೆಯಲ್ಲಿದ್ದು ಬಂದರು. ಮೈ ತಿಳಿಯಾಗಿತ್ತು. ಬಂದ ಮೊದಲ ದಿನವೇ ಟೀ ಅಂಗಡಿಯಲ್ಲಿ ಒಬ್ಬ, 'ಏನಣ್ಣ, ಎಷ್ಟ್ ದಿನ ಈ ಯೇಸ?' ಅಂದ. ಎರಡನೇ ದಿನ ಹಳೇ ಗೆಳೆಯರು ಬಂದು ಕರೆದರು. ಮೇಸ್ತ್ರಿ ಕೆಲಸಕ್ಕೆ ಕರೆಯಲಿಲ್ಲ, 'ಕುಡುಕನ್ನ ನಂಬಕ್ಕಾಗಲ್ಲ' ಅಂದ. ಅಣ್ಣ ಕುಡಿಯುತ್ತಿದ್ದಾಗ ಇದೇ ಮೇಸ್ತ್ರಿ ದಿನಾ ಕರೆಯುತ್ತಿದ್ದ, ಅರ್ಧ ಕೂಲಿಗೆ ಬರುತ್ತಾರೆ ಅಂತ! ಮೂರನೇ ದಿನ ಊರಲ್ಲಿ ಹೆಣ ಬಿತ್ತು, ತಮಟೆಗೆ ಹೇಳಿಕಳಿಸಿದರು.

ಬಂಧುಗಳೇ, ಔಷಧಿ ಹದಿನೈದು ದಿನದ ಕೆಲಸ ಮಾಡಿತು. ಮೂರೇ ದಿನದಲ್ಲಿ ಅದನ್ನು ಅಳಿಸೋಕೆ ಊರು ಕೇರಿ ಎರಡೂ ಟೊಂಕ ಕಟ್ಟಿ ನಿಂತವು. ಬಿಟ್ಟವನು ಮತ್ತೆ ಕುಡಿದರೆ 'ಮನಸ್ಸು ಗಟ್ಟಿ ಇಲ್ಲ' ಅಂತೀವಿ. ಅದೇ ಕಟ್ಟೆ, ಅದೇ ಗೆಳೆಯರು, ಅದೇ ಶನಿವಾರ, ಅದೇ ಅವಮಾನ, ಇಷ್ಟರ ನಡುವೆ ಒಬ್ಬನೇ ಗಟ್ಟಿಯಾಗಿರು ಅಂದರೆ ಎಲ್ಲಿಂದ ಗಟ್ಟಿಯಾಗಬೇಕು? ಬಿಡಬೇಕಾದವನು ಅವನೇ, ಅದು ನಿಜ. ಅವನು ಬಿಡೋದಕ್ಕೆ ಬೇಕಾದ ನೆಲವನ್ನು ನಾವು ಹಸನು ಮಾಡಬೇಕು.

ಆದ್ದರಿಂದ ಸಂಘದ ಸಭೆಯಲ್ಲಿ ಕೂತು ಚರ್ಚೆ ಮಾಡಿ ನಾವು ಈ ತೀರ್ಮಾನಗಳಿಗೆ ಬಂದಿದ್ದೇವೆ. ಬೇರೆ ಕೇರಿಗಳವರೂ ಓದಿ ನಿಮ್ಮ ಮಾತು ಸೇರಿಸಿ.

ಒಂದು. ಯಾರನ್ನೂ ಕೂಡಿ ಹಾಕುವುದಿಲ್ಲ, ಕಂಬಕ್ಕೆ ಕಟ್ಟುವುದಿಲ್ಲ, ತಲೆ ಬೋಳಿಸುವುದಿಲ್ಲ. ಊರಿನವರು ನಮಗೆ ಮಾಡಿದ್ದನ್ನು ನಾವು ನಮ್ಮವರಿಗೆ ಮಾಡುವುದಿಲ್ಲ. ದಿನಾ ಕುಡಿಯುವವರು ಬಿಡುತ್ತೇನೆ ಅಂದರೆ ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಸಂಘದ ಒಬ್ಬರು ಜೊತೆಗಿರಬೇಕು. ಸರ್ಕಾರದ ಉಚಿತ ಫೋನುಗಳಿವೆ: ಚಟ ಬಿಡಿಸಲು 14446, ಮನಸ್ಸಿನ ಕಾಯಿಲೆಗೆ 14416. ಗೋಡೆ ಮೇಲೆ ಬರೆದಿಡಿ.

ಎರಡು. ಹೊಡೆತಕ್ಕೆ 'ಎಣ್ಣೆ ಏಟು' ಅನ್ನೋ ಮಾಫಿ ಇನ್ನು ಇಲ್ಲ. ಕುಡಿದು ಹೊಡೆದರೂ ಕುಡಿಯದೆ ಹೊಡೆದರೂ ಏಟು ಏಟೇ. ಹೊಡೆಸಿಕೊಂಡ ಅಕ್ಕತಂಗಿಯರು 2005ರ ಕೌಟುಂಬಿಕ ಹಿಂಸೆ ತಡೆ ಕಾನೂನಿನಡಿ ದೂರು ಕೊಡುತ್ತೇನೆ ಅಂದರೆ ಸಂಘ ಅವರ ಜೊತೆ ನಿಲ್ಲುತ್ತದೆ. ಗಂಡಸರ ಪಂಚಾಯಿತಿ ಮಾಡಿ ರಾಜಿ ಮಾಡಿಸುವುದಿಲ್ಲ.

ಮೂರು. ತಮಟೆಗೆ ಎಣ್ಣೆ ಕೂಲಿ ಇಲ್ಲ. ಕರೆದವರು ಮುಂಚೆ ದುಡ್ಡು ಮಾತಾಡಬೇಕು, ದುಡ್ಡನ್ನೇ ಕೊಡಬೇಕು. ಹೆಣದ ಮುಂದೆ ಬಡಿಯುವುದಿಲ್ಲ ಅನ್ನುವವರ ಬೆನ್ನಿಗೆ ಸಂಘ ಇರುತ್ತದೆ. ತಮಟೆ ನಮ್ಮದು. ಅದು ಮೆರವಣಿಗೆಯಲ್ಲಿ, ನಮ್ಮ ಹಾಡಿನ ಜೊತೆ ಮೊಳಗಲಿ.

ನಾಲ್ಕು. ಶನಿವಾರ ಸಂಜೆ ಸಮುದಾಯ ಭವನದ ಬೀಗ ತೆಗೆದಿರುತ್ತದೆ. ಅವತ್ತು ಕೂಡಿ ಹಾಕಿದ ಅದೇ ಭವನ. ಪೇಪರು, ಹಾಡು, ಟೀ ಇರುತ್ತದೆ. ಬಟವಾಡೆ ಸಂಜೆ ಕುಡಿಯೋಕೆ ಹೋಗೋ ಕಾಲಿಗೆ ಹೋಗೋಕೆ ಇನ್ನೊಂದು ಜಾಗ ಬೇಕು.

ಐದು. ಇದು ನಮ್ಮ ಮುಖಕ್ಕೆ ನಾವೇ ಹಿಡಿಯೋ ಕನ್ನಡಿ. ಏಪ್ರಿಲ್ 14ರ ಮೆರವಣಿಗೆಗೆ ಕುಡಿದು ಬಂದು ಕುಣಿಯೋರು ನಮ್ಮಲ್ಲೇ ಇದ್ದಾರೆ. ಭಾಷಣ ಮುಗಿಸಿ ವೈನ್ ಸ್ಟೋರಿಗೆ ಹೋಗೋ ಮುಖಂಡರೂ ಇದ್ದಾರೆ. ಕವಿಗಳೂ ಇದ್ದಾರೆ, ನಮ್ಮನ್ನೂ ಸೇರಿಸಿ. ಕುಡಿದರೇ ಕವಿತೆ ಬರೋದು ಅನ್ನೋ ಪೊಳ್ಳನ್ನು ಕಾಲೇಜಿನ ಹಾಸ್ಟೆಲಿನಲ್ಲಿ ಕಲಿತು ನಾವೂ ಎಷ್ಟೋ ರಾತ್ರಿ ಕಳೆದಿದ್ದೇವೆ. ಸಂಘದ ಹೆಸರಲ್ಲಿ ನಡೆಯೋ ಯಾವ ಕಾರ್ಯಕ್ರಮಕ್ಕೂ ಇನ್ನು ಕುಡಿದು ಬರುವಂತಿಲ್ಲ. ಹಾಗಂತ ಕುಡಿತಕ್ಕೆ ಬಿದ್ದವರನ್ನು ಸಂಘದಿಂದ ಹೊರಗೆ ಹಾಕುವುದೂ ಇಲ್ಲ. ಹೊರಗೆ ಹಾಕಿಸಿಕೊಂಡು ಹಾಕಿಸಿಕೊಂಡೇ ಈ ಗತಿಗೆ ಬಂದವರು ನಾವು.

ಇಷ್ಟು ಮಾಡಿದರೆ ಕುಡಿತ ಹೋಗುತ್ತದೆಯೇ ಅಂತ ಕೇಳಬಹುದು. ಭೂಮಿ ಸಿಗದೆ, ಸರಿಯಾದ ಕೂಲಿ ಸಿಗದೆ, ಮಲದ ಗುಂಡಿ ಮುಚ್ಚದೆ, ಊರಿನವರು ನಮ್ಮನ್ನು ಮನುಷ್ಯರು ಅಂತ ನೋಡದೆ ಪೂರ್ತಿ ಹೋಗುವುದಿಲ್ಲ. ಆ ಹೋರಾಟ ನಿಲ್ಲುವುದಿಲ್ಲ. ಆದರೆ ಅದು ಮುಗಿಯೋವರೆಗೂ ಅಕ್ಕನ ಹಣೆ ಕಾಯುತ್ತ ಕೂರಬೇಕೇ? ಎರಡೂ ಕೆಲಸ ಒಟ್ಟಿಗೇ ಆಗಬೇಕು.

ತಮಟೆಗೆ ಹೇಳಿಕಳಿಸಿದ ಆ ದಿನ ಅಣ್ಣ ಏನು ಮಾಡಿದರು ಅಂತ ನೀವು ಕೇಳೇ ಕೇಳುತ್ತೀರಿ. ಹೋಗಲಿಲ್ಲ. ಕರೆಯಲು ಬಂದವನ ಮುಂದೆ ಬಾಗಿಲಲ್ಲಿ ನಿಂತು, 'ದುಡ್ಡು ಎಷ್ಟು ಕೊಡ್ತೀರಿ, ಮೊದ್ಲು ಹೇಳಿ' ಅಂದರು. ಬಂದವನು ಬೆಪ್ಪಾಗಿ ವಾಪಸ್ಸು ಹೋದ. ಕುಡಿದಾಗ ಯಾವತ್ತೂ ಮೇಲಿನವರ ಕಡೆ ತಿರುಗದ ದನಿ, ಕುಡಿಯದೆ ಇದ್ದಾಗ ತಿರುಗಿತು. ಮುಂದಿನ ಶನಿವಾರ ಏನಾಗುತ್ತದೋ ನಾವು ಹೇಳಲಾರೆವು. ಅವರೂ ಹೇಳಲಾರರು. ಅಕ್ಕನಂತೂ ಇನ್ನೂ ನಂಬಿಲ್ಲ, ನಂಬಬೇಕು ಅಂತ ಹೇಳೋ ಹಕ್ಕು ನಮಗಿಲ್ಲ.

ಕಳೆದ ಸಭೆಗೆ ಅಣ್ಣ ಬಂದಿದ್ದರು. ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕೂತಿದ್ದರು. ಬೀಗ ಹಾಕಿದ ಹುಡುಗರು ಎದ್ದು ನಿಂತು ಅವರ ಹತ್ತಿರ ಕ್ಷಮೆ ಕೇಳಿದರು. ಆಮೇಲೆ ಅಣ್ಣ ಎದ್ದು, ಸಭೆಯ ಮುಂದೆ ಅಕ್ಕನ ಹತ್ತಿರ ಕ್ಷಮೆ ಕೇಳಿದರು. ಅಕ್ಕ ಏನೂ ಹೇಳಲಿಲ್ಲ. ಹಣೆಯ ಗಾಯದ ಮೇಲೆ ಸೆರಗು ಎಳೆದುಕೊಂಡು, 'ಮುಂದಿನ್ ಮಾತು ಹೇಳಿ' ಅಂದರು.

ಈ ಹಾಳೆಯೇ ಆ ಮುಂದಿನ ಮಾತು. ಓದಿ, ಓದು ಬಾರದವರಿಗೆ ಓದಿ ಹೇಳಿ. ಶನಿವಾರ ಸಂಜೆ ಭವನಕ್ಕೆ ಬನ್ನಿ.

ಜೈ ಭೀಮ್.